ಮಿಸ್ತ್ರಿ ಕಾಕಾನ ಜಪಾನ್ ಕಾರು

ಯಾರಾದರೂ ತಪ್ಪು ಹೇಳಿದಾಗ ಸುಮ್ಮನಿರುವುದು ನನ್ನ ಜಾಯಮಾನದಲ್ಲೇ ಇಲ್ಲ. ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಚಟ ಅದು. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರು ಗ್ರಹಣದ ಬಗ್ಗೆ ಏನೋ ಅಂದರೆ ಸಾಕು, ನಾನು ಊಟ ಬಿಟ್ಟು ಸೂರ್ಯ, ಚಂದ್ರ, ಭೂಮಿ ಎಂದು ಎಲೆಯ ಮೇಲೆ ಮೂರು ಭಜಿ ಜೋಡಿಸಿ ತೋರಿಸುತ್ತೇನೆ. "ಇಕಿ ಹುಟ್ಟಿದಾಗ ಕೈಯಾಗ ಕೆಂಪು ಪೆನ್ನ ಇತ್ತು" ಎಂದು ನಮ್ಮ ಯಜಮಾನರು ನೆಂಟರ ಮುಂದೆ ಹೇಳಿ ನಗುತ್ತಾರೆ. ನಗಲಿ. ಆದರೆ ನಲವತ್ತು ವರ್ಷದ ಹಿಂದೆ ಮುದ್ದೇಬಿಹಾಳದ ಒಬ್ಬ ಮನುಷ್ಯನ ಮಾತಿಗೆ ನಾನು ಎಳೆದ ಕೆಂಪು ಗೀಟು ತಪ್ಪಾಗಿತ್ತೇನೋ ಎಂಬ ಅನುಮಾನ ಹೋದ ವರ್ಷ ಹುಟ್ಟಿತು. ಆ ಮನುಷ್ಯ ಬದುಕಿದ್ದಾರೋ ಇಲ್ಲವೋ ಎಂಬುದು ಕೂಡ ಆಗ ನನಗೆ ಗೊತ್ತಿರಲಿಲ್ಲ.

ಅನುಮಾನ ಹುಟ್ಟಿದ್ದು ಝಳಕಿಯಲ್ಲಿ. ಇಂಡಿಯಲ್ಲಿರುವ ತಂಗಿಯ ಮನೆಗೆ ಹೋದವಳು, ಕನ್ನಡಕ ಬದಲಿಸಲೆಂದು ಅವಳ ಮಗನ ಕಾರಿನಲ್ಲಿ ಸೊಲ್ಲಾಪುರಕ್ಕೆ ಹೊರಟಿದ್ದೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ಒಂದು ತಾಗಿ ಕಾರಿನ ಬಾಗಿಲು ಒಳಕ್ಕೆ ತಗ್ಗಾಯಿತು. ಝಳಕಿಯ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ನಿಲ್ಲಿಸಿದೆವು. ಗ್ಯಾರೇಜಿನವನು ಬಾಗಿಲಿನ ಒಳಗಿನ ಹಲಗೆ ಬಿಚ್ಚಿದ, ಒಳಕ್ಕೆ ಕೈ ತೂರಿಸಿದ, ಕಣ್ಣು ಮುಚ್ಚಿಕೊಂಡ. ಅಂಗೈಯನ್ನು ತಗಡಿನ ಬೆನ್ನ ಮೇಲೆ ಮೆಲ್ಲಗೆ ಆಡಿಸುತ್ತಾ ಹೊರಗಿನಿಂದ ಸಣ್ಣ ಸುತ್ತಿಗೆಯಲ್ಲಿ ಟಕ್ ಟಕ್ ಎನ್ನಿಸತೊಡಗಿದ. ನನಗೆ ತಡೆಯಲಾಗಲಿಲ್ಲ.

"ಕಣ್ಣ ಮುಚ್ಚಿ ಏನ್ ಕಾಣತೈತೋ ತಮ್ಮಾ?"

"ಕಣ್ಣಿಗೆ ಬರೇ ಬಣ್ಣ ಕಾಣತೈತ್ರಿ ಅಮ್ಮಾರ. ತಗಡ ಕಾಣಬೇಕಂದ್ರ ಒಳಗಿಂದ ಅಂಗೈ ಆಡಿಸಬೇಕ್ರಿ."

ಈ ಮಾತನ್ನು ನಾನು ಹಿಂದೆ ಕೇಳಿದ್ದೆ. ಎಲ್ಲಿ ಎಂದು ನೆನಪಾಗಲು ಸೊಲ್ಲಾಪುರ ಬರಬೇಕಾಯಿತು. ನೆನಪಾದ ಮೇಲೆ ಕನ್ನಡಕದ ಅಂಗಡಿಯಲ್ಲಿ ನಾನು ಯಾವ ಫ್ರೇಮು ಆರಿಸಿದೆನೋ ನನಗೇ ತಿಳಿಯಲಿಲ್ಲ. ಈಗ ಮೂಗಿನ ಮೇಲಿರುವುದು ಅದೇ. ಯಾರಿಗೂ ಹಿಡಿಸಿಲ್ಲ.

ನನ್ನ ಮೊದಲ ನೌಕರಿ ಮುದ್ದೇಬಿಹಾಳದಲ್ಲಿ. ಆಮೇಲೆ ಇಂಡಿ, ಸಿಂದಗಿ, ಕೊನೆಗೆ ಬಸವನ ಬಾಗೇವಾಡಿ. ನಿವೃತ್ತಿಯಾಗಿ ಅಲ್ಲೇ ಮನೆ ಮಾಡಿದ್ದೇವೆ. ಮುದ್ದೇಬಿಹಾಳಕ್ಕೆ ಹೋದಾಗ ನನಗೆ ಇಪ್ಪತ್ನಾಲ್ಕು. ಬಿ.ಎಸ್ಸಿ., ಬಿ.ಎಡ್. ಹೊಸದಾಗಿ ಮುಗಿದಿತ್ತು, ಲೋಕದಲ್ಲಿ ನನಗೆ ತಿಳಿಯದ್ದು ಉಳಿದಿರಲಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ. ನಾನು ನಡೆದಲ್ಲೆಲ್ಲ ನೆಲ ಒದ್ದೆಯಾಗುತ್ತಿತ್ತು.

ಶಾಲೆಗೆ ಹೋಗುವ ದಾರಿಯಲ್ಲಿ, ನಾಲತವಾಡ ರಸ್ತೆಗೆ ಹೊರಳುವಲ್ಲಿ, ಒಬ್ಬ ತಗಡಿನ ಮಿಸ್ತ್ರಿಯ ಅಂಗಡಿ ಇತ್ತು. ಮದುವೆಯ ಟ್ರಂಕು, ಜೋಳ ತುಂಬುವ ಕಣಜ, ಹಾಲಿನ ಕ್ಯಾನು, ಎಲ್ಲವನ್ನೂ ಅವರು ಕೈಯಲ್ಲೇ ಮಾಡುತ್ತಿದ್ದರು. ಬಸ್ಸು ಲಾರಿಗಳ ತಗ್ಗು ತೆಗೆಯುವುದಕ್ಕೂ ಸುತ್ತಿನ ಊರಿನವರು ಅವರಲ್ಲಿಗೇ ಬರುತ್ತಿದ್ದರು. ಎಲ್ಲರೂ ಅವರನ್ನು ಮಿಸ್ತ್ರಿ ಕಾಕಾ ಎನ್ನುತ್ತಿದ್ದರು. ನಾನು ಬರೀ ಮಿಸ್ತ್ರಿ ಎನ್ನುತ್ತಿದ್ದೆ.

ಅಂಗಡಿಯ ಮುಂದೆ ತಗಡಿನ ಚಪ್ಪರದ ಕೆಳಗೆ ಒಂದು ಪುಟ್ಟ ಕಾರು ನಿಂತಿರುತ್ತಿತ್ತು. ಎತ್ತರ ನನ್ನ ಹೆಗಲಿನಷ್ಟು. ಕಪ್ಪೆಗಣ್ಣಿನಂಥ ಎರಡು ದೀಪ, ಡುಬ್ಬದ ಬೆನ್ನು, ಲಾರಿಯ ಕಾಲು ಕೂಡಿಸಿದಂತೆ ನೆಲಬಿಟ್ಟು ಎದ್ದ ನಿಲುವು. ಅದನ್ನು ಊರಿನ ಹತ್ತಿ ವ್ಯಾಪಾರಿಯೊಬ್ಬರು ಬಹಳ ಹಿಂದೆ ಮುಂಬಯಿಯಿಂದ ತಂದಿದ್ದರಂತೆ. ಹತ್ತಿ ಖರೀದಿಗೆಂದು ಮುಂಬಯಿಯಲ್ಲಿದ್ದ ಜಪಾನಿನ ಸಾಹುಕಾರನೊಬ್ಬ ತನ್ನ ದೇಶದಿಂದ ತರಿಸಿಕೊಂಡ ಕಾರು. ಅವನು ಮರಳಿ ಹೋಗುವಾಗ ಇವರಿಗೆ ಮಾರಿದನಂತೆ. ಅದರ ಆರೈಕೆಯೆಲ್ಲ ಮಿಸ್ತ್ರಿಯದೇ. ಒಳಗಿನ ಕಟ್ಟಿಗೆಯ ಚೌಕಟ್ಟು ಕೊಳೆತಾಗ ಚಕ್ಕಡಿ ಮಾಡುವ ಬಡಿಗರಿಂದ ಜಾಲಿ ಕಟ್ಟಿಗೆ ಕೆತ್ತಿಸಿ ಕೂಡಿಸಿದ್ದರು. ಸ್ಪ್ರಿಂಗು ಮುರಿದಾಗ ಹಳೆಯ ಜೀಪಿನದು ಹಾಕಿದ್ದರು. ವ್ಯಾಪಾರಿ ತೀರಿಕೊಂಡ ಮೇಲೆ ಮನೆಯವರು "ನಿನ್ನ ಕೂಸು, ನೀನ ಇಟ್ಕೋ" ಎಂದು ಅದನ್ನು ಇವರಿಗೇ ಬಿಟ್ಟುಕೊಟ್ಟರು. ಈ ಕಥೆಯನ್ನು ಮಿಸ್ತ್ರಿ ಕೇಳಿದವರಿಗೆಲ್ಲ ಹೇಳುತ್ತಿದ್ದರು. ಜಪಾನ್ ಎಂದರೆ ಗಡಿಯಾರ, ರೇಡಿಯೋ ಎಂದು ತಿಳಿದಿದ್ದ ಜನ ಅರ್ಧ ನಂಬುತ್ತಿದ್ದರು, ಅರ್ಧ ನಗುತ್ತಿದ್ದರು.

ಆ ವರ್ಷ ಖಂಡೇನವಮಿಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ನಮ್ಮ ಹೆಡ್‌ಮಾಸ್ತರರಿಗೆ ಒಂದು ಒಳ್ಳೆಯ ಯೋಚನೆ ಬಂತು. ಶಾಲೆಯಲ್ಲಿ ಪೂಜೆಗೆ ಇಡುವುದು ನಾಲ್ಕು ಬೀಕರು, ಒಂದು ತಕ್ಕಡಿ. ಅದಕ್ಕಿಂತ ನಿಜವಾಗಿ ಹತಾರ ಹಿಡಿಯುವವರೊಬ್ಬರನ್ನು ಕರೆದು ಮಕ್ಕಳ ಮುಂದೆ ಮಾತಾಡಿಸೋಣ ಎಂದರು. ಹೊಂದಿದರೆ ಒಂಬತ್ತನೆಯ ತರಗತಿಗೆ ವಾರಕ್ಕೆರಡು ದಿನ ತಗಡಿನ ಕೆಲಸ ಕಲಿಸಲು ಅವರನ್ನೇ ಕೇಳುವುದು ಎಂಬ ಆಸೆಯೂ ಅವರಿಗಿತ್ತು. ಮಿಸ್ತ್ರಿ ಬಂದರು. ಇಸ್ತ್ರಿ ಮಾಡಿದ ಬಿಳಿ ಪೈಜಾಮ, ಬಿಳಿ ಟೋಪಿ, ಬಟ್ಟೆಯ ಚೀಲದಲ್ಲಿ ಸುತ್ತಿಗೆಗಳು. ಮೊದಲು ಸ್ವಲ್ಪ ತೊದಲಿದರು. ಆಮೇಲೆ ಕಾರಿನ ಮಾತು ಬಂದದ್ದೇ ತಡ, ದನಿ ಗಟ್ಟಿಯಾಯಿತು.

"ನಮ್ಮಂಥಾವ್ರ ಕುಂತು ಸುತ್ತಿಗಿಲೆ ಬಡದು ಮಾಡಿದ ಕಾರ ಅದು. ಜಪಾನಿನ್ಯಾಗ ಯುದ್ಧ ಮುಗದ ಮ್ಯಾಲಿಂದು. ಹೆಂಗ ಗೊತ್ತಂದ್ರ, ಬಲಗಡೆ ಮಡ್‌ಗಾರ್ಡ್ ಎಡಗಡೇದ್ಕಿಂತ ಎರಡು ಬೆರಳಷ್ಟು ಉದ್ದ ಐತಿ. ಮಶೀನ್ ಹಂಗ ಮಾಡಂಗಿಲ್ಲ. ತಗಡ ತಿಳೀಬೇಕಂದ್ರ ಒಳಗಿಂದ ಅಂಗೈ ಆಡಿಸಬೇಕು. ನಾ ಆಡ್ಸೇನಿ. ಎಡಗಡೇದು ಬಡದಾಂವ ಎಡಗೈಯಾಂವ ಇದ್ದ."

ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ನಾನು ಎದ್ದು ನಿಂತೆ. ಈಗ ನೆನೆದರೆ ಸೀರೆಯ ಸೆರಗು ಸರಿಪಡಿಸಿಕೊಂಡ ರೀತಿಯೂ ನೆನಪಾಗಿ ಮೈ ಉರಿಯುತ್ತದೆ.

ಯುದ್ಧದಲ್ಲಿ ಆ ದೇಶ ಸುಟ್ಟು ಬೂದಿಯಾಗಿತ್ತು, ಕಾರು ಮಾಡುವ ಕಸುವು ಎಲ್ಲಿಂದ ಬರಬೇಕು ಎಂದೆ. ಕಾರನ್ನು ದೊಡ್ಡ ದೊಡ್ಡ ಯಂತ್ರಗಳು ಒತ್ತಿ ತೆಗೆಯುತ್ತವೆ, ಟ್ರಂಕಿನಂತೆ ಬಡಿದು ಮಾಡುವುದಿಲ್ಲ ಎಂದೆ. ಕಡೆಗೆ, ಎಲ್ಲಿ ಮಾಡಿದ್ದೆಂದು ತಿಳಿಸುವ ಪಟ್ಟಿ ಕಾರಿನ ಹಣೆಯ ಮೇಲಿದೆಯಲ್ಲ, ಅದರ ಮೇಲೆ ಒಂದಾದರೂ ಅಕ್ಷರ ಇದೆಯೇ ಎಂದು ಕೇಳಿದೆ. ಹೋಗಿ ಬರುವಾಗ ನಾನದನ್ನು ನೋಡಿದ್ದೆ. ಅಂಗೈಯಗಲದ ಹಿತ್ತಾಳೆ ಪಟ್ಟಿ, ಕನ್ನಡಿಯ ಹಾಗೆ ನುಣ್ಣಗಿತ್ತು.

"ಇತ್ತರಿ. ಸಾಹುಕಾರರ ಮನಿ ಅವ್ವಾರು ಪ್ರತಿ ಖಂಡೇನವಮಿಗೆ ದೀಪದ ಸಮಯಿ, ಆರತಿ ಜೋಡಿ ಅದನ್ನೂ ಹುಣಸಿಹಣ್ಣು ಬೂದಿ ಹಚ್ಚಿ ತಿಕ್ಕತಿದ್ರರಿ. ತಿಕ್ಕಿ ತಿಕ್ಕಿ ಅಕ್ಷರ ಹೋದ್ವು."

ಇದು ಸುಳ್ಳಾಗಿರಲಾರದು. ನಮ್ಮ ಕಡೆ ಹಿತ್ತಾಳೆ ಎಂದರೆ ಮೂರ್ತಿಯೋ ತಂಬಿಗೆಯೋ ಯಾವುದಿದ್ದರೂ ಹಬ್ಬದ ದಿನ ಬೆಳಗಲೇಬೇಕು. ನನ್ನ ತಾಯಿಯೇ ತಿಕ್ಕಿ ತಿಕ್ಕಿ ನಮ್ಮ ಮನೆಯ ತಂಬಿಗೆಯ ಮೇಲಿನ ಅಜ್ಜನ ಹೆಸರನ್ನು ಅಳಿಸಿದ್ದಳು. ಅದು ಆ ಗಳಿಗೆಯಲ್ಲಿ ನನಗೆ ನೆನಪಿಗೆ ಬರಲಿಲ್ಲ, ಅಥವಾ ಬಂದರೂ ನಾನು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. "ಹುಣಸಿಹಣ್ಣಿಗೆ ಜಪಾನ್ ಅಳಿಸಿ ಹೋತೇನ್ರಿ ಮಿಸ್ತ್ರಿ?" ಎಂದೆ. ಮಕ್ಕಳೆಲ್ಲ ಗೊಳ್ಳೆಂದರು.

ಅವರು ನನ್ನನ್ನು ಒಂದು ಸಲ ನೋಡಿದರು. "ಹಂಗಿರಬೌದ್ರಿ ಟೀಚರ್" ಎಂದರು. ಸುತ್ತಿಗೆಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡರು. ಹೆಡ್‌ಮಾಸ್ತರರು ತರಿಸಿದ ಚಹಾ ಬರುವ ಮೊದಲೇ ಹೊರಟುಹೋದರು.

ಮರುವಾರ ತರಗತಿಯಲ್ಲಿ ನಾನು ಸಾಕ್ಷ್ಯ ಎಂದರೇನು ಎಂದು ವಿವರಿಸುತ್ತಾ, ಸಾಕ್ಷ್ಯವಿಲ್ಲದ ಮಾತು ಬಂಡಲ್, ಉದಾಹರಣೆಗೆ ಜಪಾನ್ ಕಾರು ಎಂದೆ. ಅಷ್ಟು ಸಾಕಾಯಿತು. ಸಂಜೆಯೊಳಗೆ ಮಿಸ್ತ್ರಿ ಕಾಕಾ 'ಜಪಾನ್ ಬಂಡಲ್' ಆದರು. ತಗಡಿನ ಕೆಲಸ ಕಲಿಸಲು ಹೆಡ್‌ಮಾಸ್ತರರು ಎರಡು ಸಲ ಹೇಳಿಕಳಿಸಿದರು. ಪುರಸೊತ್ತಿಲ್ಲ ಎಂದು ಉತ್ತರ ಬಂತು. ಮೂರು ವರ್ಷದ ಮೇಲೆ ನನಗೆ ವರ್ಗವಾಯಿತು, ನಾನು ಮರೆತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಎಷ್ಟೋ ಮಕ್ಕಳಿಗೆ ಬರೆಸಿದ್ದೇನೆ, ನನಗೆ ಮಾತ್ರ ಅದು ಬರವಣಿಗೆಯ ಪಾಠವಾಗಿಯೇ ಉಳಿದಿತ್ತು.

ಸೊಲ್ಲಾಪುರದಿಂದ ಬಂದವಳೇ ಫೋನು ಹಿಡಿದು ಕೂತೆ. ಇಂಗ್ಲಿಷಿನಲ್ಲಿ ಹುಡುಕಿದೆ, ಹಳೆಯ ಚಿತ್ರಗಳನ್ನು ಹಿಗ್ಗಿಸಿ ನೋಡಿದೆ. ಮೊದಲು ಬರೀ ಅನುಮಾನ ಬಗೆಹರಿಸಿಕೊಳ್ಳಲು ಹೊರಟವಳು, ಎರಡು ದಿನದಲ್ಲಿ ಅದರ ಹುಚ್ಚು ಹಿಡಿಸಿಕೊಂಡೆ. ಅನ್ನಕ್ಕಿಟ್ಟ ಕುಕ್ಕರು ಎಷ್ಟು ಸೀಟಿ ಹೊಡೆಯಿತೆಂದು ಎಣಿಸುವುದನ್ನೂ ಬಿಟ್ಟೆ. ಯಜಮಾನರು ಮೂರು ದಿನ ಗಂಜಿಯಂಥ ಅನ್ನ ಉಂಡರು.

ಯುದ್ಧದಲ್ಲಿ ಸೋತ ಮೇಲೆ ಆ ದೇಶದ ಮೇಲೆ ಅಮೆರಿಕದವರ ಹಿಡಿತ. ಅವರು ಮೊದಲು ಲಾರಿ ಮಾಡಲಷ್ಟೇ ಒಪ್ಪಿಗೆ ಕೊಟ್ಟರು. ಕಾರು ಬೇಡ ಎಂದರು. ಒಂದೆರಡು ವರ್ಷದ ನಂತರ ಸಣ್ಣ ಎಂಜಿನ್ನಿನ ಕಾರಿಗೆ ಹೂಂ ಅಂದರು, ಅದೂ ವರ್ಷಕ್ಕೆ ಕೆಲವೇ ನೂರು. ಪೆಟ್ರೋಲು ಸಿಗುತ್ತಿರಲಿಲ್ಲ. ಇದ್ದಿಲು ಉರಿಸಿ ಅದರ ಗ್ಯಾಸಿನಲ್ಲಿ ಬಸ್ಸು ಓಡಿಸಿದರು. ಕೆಲವರು ಬ್ಯಾಟರಿಯಲ್ಲಿ ಓಡುವ ಕಾರನ್ನೇ ಮಾಡಿದರು. ವಿದ್ಯುತ್ ಕಾರು ನಮ್ಮ ಕಾಲದ ಹೊಸ ಸೋಜಿಗ ಎಂದು ನಾನು ತಿಳಿದಿದ್ದೆ! ವಿಮಾನ ಮಾಡುತ್ತಿದ್ದ ಕಾರ್ಖಾನೆಗಳಿಗೆ ವಿಮಾನ ಮಾಡಬಾರದೆಂದು ಕಟ್ಟಪ್ಪಣೆಯಾಯಿತು. ಅಲ್ಲಿನ ಕೆಲಸಗಾರರು ಸ್ಕೂಟರಿನ ಕಡೆ, ಆಮೇಲೆ ಕಾರಿನ ಕಡೆ ಕೈ ಹೊರಳಿಸಿದರು.

ಇದೆಲ್ಲ ಸೋಜಿಗವೇ. ಆದರೆ ಮುಂದಿನ ಪುಟ ಓದುವಾಗ ಕೈ ನಿಂತಿತು. ಆ ಮೊದಮೊದಲ ಸಣ್ಣ ಕಾರುಗಳು ಸಣ್ಣ ಲಾರಿಯ ಚಾಸಿಯ ಮೇಲೆಯೇ ಕೂತಿದ್ದವು, ಏಕೆಂದರೆ ಅಲ್ಲಿನ ರಸ್ತೆಗಳು ನಮ್ಮ ಹಿಂದಿನ ರಸ್ತೆಗಳಷ್ಟೇ ಕೆಟ್ಟವಾಗಿದ್ದವು. ಕೊಳ್ಳುವವರಲ್ಲಿ ಹೆಚ್ಚಿನವರು ಟ್ಯಾಕ್ಸಿಯವರು, ಅವರಿಗೆ ಬೇಕಾದದ್ದು ಅಂದವಲ್ಲ, ಗಟ್ಟಿತನ. ದೊಡ್ಡ ಒತ್ತುಯಂತ್ರಗಳಿಗೆ ಹಣವಿಲ್ಲ. ಹಾಗಾಗಿ ಕಾರ್ಖಾನೆ ಚಾಸಿ ಮಾಡಿ ಕೊಟ್ಟರೆ, ಮೇಲಿನ ತಗಡಿನ ಮೈಯನ್ನು ಬೇರೆ ಕಡೆಯ ಸಣ್ಣ ಅಂಗಡಿಗಳಲ್ಲಿ ಕಟ್ಟಿಗೆಯ ಅಚ್ಚಿನ ಮೇಲೆ ಸುತ್ತಿಗೆಯಿಂದ ಬಡಿದು ಮಾಡುತ್ತಿದ್ದರು. ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ.

ಅದರ ಕೆಳಗೆ ಒಂದು ಕಪ್ಪು ಬಿಳುಪು ಚಿತ್ರ. ಕಪ್ಪೆಗಣ್ಣು, ಡುಬ್ಬದ ಬೆನ್ನು, ನೆಲಬಿಟ್ಟು ಎದ್ದ ನಿಲುವು. ನನಗೆ ಅಳು ಬರಲಿಲ್ಲ, ಮೊದಲು ಸಿಟ್ಟು ಬಂತು. ಇಷ್ಟೆಲ್ಲ ಓದಿದವರಿಗೆ ಗೊತ್ತಿರುವುದನ್ನು ಒಂದಕ್ಷರ ಇಂಗ್ಲಿಷ್ ಬಾರದ ಮನುಷ್ಯ ಬರೀ ಅಂಗೈಯಿಂದ ಓದಿದ್ದರು. ಹಿತ್ತಲ ಗಿಡ ಮದ್ದಲ್ಲ ಎಂದು ನಾನು ತಳ್ಳಿಬಿಟ್ಟಿದ್ದೆ. ಅವರು ಇದ್ದರೆ, ಅವರ ಕಿವಿ ಕೇಳುತ್ತಿದ್ದರೆ, ನನ್ನ ಬಾಯಿಯಿಂದಲೇ ಇದನ್ನು ಕೇಳಬೇಕು ಎಂದು ನಿರ್ಧರಿಸಿದೆ. ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿಕೊಂಡು, ಲಕೋಟೆಯಲ್ಲಿಟ್ಟುಕೊಂಡು ಮುದ್ದೇಬಿಹಾಳದ ಬಸ್ಸು ಹತ್ತಿದೆ.

ಅಂಗಡಿ ಇದ್ದಲ್ಲಿ ಈಗ ಮೊಬೈಲ್ ಅಂಗಡಿ. ಪಕ್ಕದ ಪಾನ್ ಅಂಗಡಿಯ ಹುಡುಗನನ್ನು ತಗಡಿನ ಮಿಸ್ತ್ರಿಯವರ ಮನೆ ಎಲ್ಲಿ ಎಂದು ಕೇಳಿದೆ. ಅವನು ಹುಟ್ಟುವುದಕ್ಕೂ ಎಷ್ಟೋ ವರ್ಷ ಮೊದಲು ನಾನು ಆ ಊರು ಬಿಟ್ಟಿದ್ದೆ.

"ಜಪಾನ್ ಬಂಡಲ್ ಮನಿ ಹೌದಲ್ರಿ? ಮಸೂತಿ ಹಿಂದಿನ ಓಣಿ, ಎರಡನೇ ಬಾಗಲಾ."

ನಾನು ಇಟ್ಟ ಹೆಸರು ನಲವತ್ತು ವರ್ಷದಲ್ಲಿ ಒಂದು ವಿಳಾಸವೇ ಆಗಿತ್ತು. ಆ ಓಣಿಯವರೆಗೆ ನಡೆಯುವಾಗ ನನಗಾದಷ್ಟು ನಾಚಿಕೆ ಜೀವಮಾನದಲ್ಲಿ ಆಗಿಲ್ಲ.

ಬಾಗಿಲು ತೆರೆದವಳು ಅವರ ಮೊಮ್ಮಗಳು. ಒಂಬತ್ತನೆಯ ತರಗತಿಯಂತೆ, ನಾನು ಕಲಿಸಿದ ಅದೇ ಶಾಲೆ. ಒಳಗೆ ಮಂಚದ ಮೇಲೆ ಮಿಸ್ತ್ರಿ ಕಾಕಾ ಕೂತಿದ್ದರು. ಎಂಬತ್ತೈದು ದಾಟಿದ ಮೈ ಸಣ್ಣಗಾಗಿತ್ತು, ಆದರೆ ಅಂಗೈಗಳು ಹಾಗೇ ಅಗಲವಾಗಿದ್ದವು. ನಾನು ನಮಸ್ಕಾರ ಹೇಳಿ, ಮುಂಚೆ ಇಲ್ಲಿನ ಶಾಲೆಯಲ್ಲಿ ಟೀಚರ್ ಆಗಿದ್ದೆ ಎಂದೆ. ಅವರು ನನ್ನ ಕಡೆ ತಿರುಗದೆ ಕಿವಿಯನ್ನು ಮಾತ್ರ ಹೊರಳಿಸಿದರು.

"ವಿಜ್ಞಾನದ ಟೀಚರ್. ದನಿ ಹಂಗ ಐತ್ರಿ ನಿಮ್ದು. ಬರ್ರಿ, ಕುಂದರ್ರಿ."

ಆಗ ತಿಳಿಯಿತು. ಅವರ ಎರಡೂ ಕಣ್ಣು ಹೋಗಿ ಆರು ವರ್ಷವಾಗಿತ್ತು. ನಾನು ಚಿತ್ರಗಳ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಪೆಚ್ಚಾಗಿ ಕೂತೆ.

ಚಿತ್ರ ಬಿಟ್ಟು ಓದಿ ಹೇಳತೊಡಗಿದೆ. ಅಮೆರಿಕದವರ ಅಪ್ಪಣೆ, ಇದ್ದಿಲಿನ ಬಸ್ಸು, ಬ್ಯಾಟರಿ ಕಾರು, ಲಾರಿಯ ಚಾಸಿ. ಅವರು ಮಧ್ಯೆ ಮಧ್ಯೆ ತಡೆದು ಕೇಳುತ್ತಿದ್ದರು. ಕಟ್ಟಿಗೆಯ ಅಚ್ಚು ಯಾವ ಮರದ್ದು? ತಗಡು ಎಷ್ಟು ದಪ್ಪ? ಬೆಸುಗೆಯೋ ರಿವೀಟೋ? ಅಂಥವನ್ನು ನಾನು ಹುಡುಕಿಯೇ ಇರಲಿಲ್ಲ. ಸುತ್ತಿಗೆಯಿಂದ ಬಡಿದು ಮಾಡುತ್ತಿದ್ದರು ಎಂಬ ಸಾಲು ಬಂದಾಗ ಅವರು ಕೈ ಎತ್ತಿದರು.

"ಇನ್ನೊಮ್ಮಿ ಓದ್ರಿ."

ಓದಿದೆ. ಬಾಗಿಲ ಹತ್ತಿರ ನಿಂತಿದ್ದ ಮೊಮ್ಮಗಳೂ ಕೇಳಿಸಿಕೊಂಡಳು.

"ಕುಂತು ಬಡೀತಿದ್ರೋ, ನಿಂತೋ?"

"ಅದು ಬರ್ದಿಲ್ರಿ ಕಾಕಾ."

"ಮುಖ್ಯ ಮಾತನ ಬರ್ದಿಲ್ಲ ನೋಡ್ರಿ" ಎಂದು ನಕ್ಕರು. "ಬರ್ರಿ, ತೋರಸ್ತೇನಿ."

ಕಾರು ಹಿತ್ತಲಲ್ಲಿ ತಾಡಪತ್ರಿಯ ಕೆಳಗಿತ್ತು. ಗಾಲಿ ಇಲ್ಲ, ಗಾಜಿಲ್ಲ, ಎಂಜಿನ್ ಎಂದೋ ಹೋಗಿತ್ತು. ಅವರು ನನ್ನ ಮಣಿಕಟ್ಟು ಹಿಡಿದು ನನ್ನ ಅಂಗೈಯನ್ನು ಬಲಗಡೆಯ ಮಡ್‌ಗಾರ್ಡಿನ ಒಳಬದಿಗೆ ಒತ್ತಿದರು. ಸಣ್ಣ ಸಣ್ಣ ತಗ್ಗುಗಳು, ರೊಟ್ಟಿಯ ಮೇಲೆ ಬೆರಳಿನ ಗುರುತಿನಂತೆ, ಎಲ್ಲ ಒಂದೇ ಕಡೆ ವಾಲಿದ್ದವು. ಆಮೇಲೆ ಎಡಗಡೆಯದಕ್ಕೆ ಕರೆದೊಯ್ದರು. ಅಲ್ಲಿನ ತಗ್ಗುಗಳು ಇನ್ನೊಂದು ಕಡೆ ವಾಲಿದ್ದವು. ಯಾವುದೋ ಊರಿನಲ್ಲಿ, ಯಾವುದೋ ಬೆಳಗಿನಲ್ಲಿ, ಹೆಸರಿಲ್ಲದ ಒಬ್ಬ ಎಡಗೈಯವನು ಸುತ್ತಿಗೆ ಎತ್ತಿ ಇಳಿಸಿದ್ದು ನನ್ನ ಬೆರಳಿಗೆ ತಾಗುತ್ತಿತ್ತು.

ಆದರೂ ಹುಟ್ಟುಗುಣ ಎಲ್ಲಿ ಹೋಗಬೇಕು? ನಾನು ಅಲ್ಲಿಯೇ ಅಂದೆ: "ಕಾಕಾ, ಚಿತ್ರ ಹೋಲತೈತಿ. ಆದ್ರ ಇದು ಅದ ಅಂತ ನೂರಕ್ಕ ನೂರು ಹೇಳಾಕ ಆ ಪಟ್ಟಿ ಮ್ಯಾಲ ಅಕ್ಷರ ಇರಬೇಕಿತ್ತು."

ಅವರಿಗೆ ಬೇಜಾರಾಗಲಿಲ್ಲ. ಮೊಮ್ಮಗಳಿಗೆ ಹತಾರದ ಪೆಟ್ಟಿಗೆ ತರಲು ಹೇಳಿದರು. ತಳದಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿ, ಅದೇ ಹಿತ್ತಾಳೆಯ ಪಟ್ಟಿಯನ್ನು ನನ್ನ ಕೈಗಿಟ್ಟರು. ಈಗಲೂ ಮುಖ ನುಣ್ಣಗೇ ಇತ್ತು.

"ಹೊಳ್ಳಿಸಿ ನೋಡ್ರಿ."

ಹೊಳ್ಳಿಸಿದೆ. ಹಿಂಬದಿ ಕಪ್ಪಗಿತ್ತು. ಕಾರಿನ ಮೈಗೆ ಅಂಟಿಕೊಂಡಿದ್ದ ಆ ಬದಿಗೆ ಹುಣಸೆಹಣ್ಣು ಯಾವತ್ತೂ ತಾಗಿರಲಿಲ್ಲ. ಅಕ್ಷರಗಳನ್ನು ಹಿಂದಿನಿಂದ ಒತ್ತಿ ಉಬ್ಬಿಸಿದ್ದರು. ಉಬ್ಬು ಮುಂದೆ ಸವೆದಿತ್ತು, ತಗ್ಗು ಹಿಂದೆ ಉಳಿದಿತ್ತು. ಫೋನಿನ ಬ್ಯಾಟರಿ ಬೆಳಕನ್ನು ಓರೆಯಾಗಿ ಹಿಡಿದೆ. ಉಲ್ಟಾ ಇರುತ್ತದೆಂದು ಮೊಮ್ಮಗಳು ಓಡಿಹೋಗಿ ತಲೆ ಬಾಚುವ ಕನ್ನಡಿ ತಂದು ಎದುರಿಗೆ ಹಿಡಿದಳು. ಸಾಲಿನ ಕೊನೆಯ ಅಕ್ಷರಗಳನ್ನು ಕಿಲುಬು ತಿಂದಿತ್ತು. ಮೊದಲಿನ ಎರಡು ಸ್ಪಷ್ಟ ಇದ್ದವು. ಒಂದು, ನಡುವೆ ಅಡ್ಡಪಟ್ಟಿ ಹೊಡೆದ ಉದ್ದನೆಯ ಕಿಟಕಿಯ ಹಾಗೆ. ಇನ್ನೊಂದು, ಟೊಂಗೆ ಬಿಟ್ಟ ಗಿಡದ ಬುಡಕ್ಕೆ ಸಣ್ಣ ಗೀಟು ಎಳೆದ ಹಾಗೆ. ಫೋನಿನಲ್ಲಿ ಹುಡುಕಲು ಒಂದು ನಿಮಿಷ ಬೇಕಾಗಲಿಲ್ಲ. ಆ ದೇಶದವರು ತಮ್ಮ ದೇಶದ ಹೆಸರನ್ನು ಬರೆಯುವುದು ಆ ಎರಡು ಅಕ್ಷರಗಳಿಂದಲೇ.

"ಜಪಾನ್ ಅಂತ ಬರ್ದಾರ್ರಿ ಕಾಕಾ" ಎಂದೆ.

"ಏನೋ ಬರ್ದಾರ ಅನ್ನೂದು ಬೆರಳಿಗೆ ತಿಳಿದಿತ್ರಿ. ಏನಂತ ತಿಳಿದಿರ್ಲಿಲ್ಲ."

"ಯಾವಾಗ ಬಿಚ್ಚಿ ನೋಡಿದ್ರಿ ಇದನ್ನ?"

"ನೀವು ಸಾಲ್ಯಾಗ ಅಂದ್ರಲ್ರಿ, ಆ ವಾರದಾಗ."

ನಲವತ್ತು ವರ್ಷ. ಅಷ್ಟು ವರ್ಷ ಆ ಪಟ್ಟಿ ಬಟ್ಟೆಯಲ್ಲಿ ಸುತ್ತಿಕೊಂಡು ಪೆಟ್ಟಿಗೆಯ ತಳದಲ್ಲಿತ್ತು. "ಮತ್ತ ಯಾಕ ತರ್ಲಿಲ್ರಿ? ಯಾರಿಗೂ ಯಾಕ ತೋರಸ್ಲಿಲ್ಲ?" ಎಂದು ನಾನು ಕೇಳಿದ್ದು ಹೆಚ್ಚುಕಡಿಮೆ ಜಗಳದ ದನಿಯಲ್ಲಿ.

"ಯಾರ ಹಂತೇಕ ತರ್ಲಿ? ಇಂಥಾದ್ದು ಓದಿ ಹೇಳಾವ್ರು ಊರಾಗ ನೀವ ಇದ್ರಿ. ನೀವು ಆಗ್ಲೇ ಹೇಳಿಬಿಟ್ಟಿದ್ರಿ."

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಹಿತ್ತಲಿನ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ತಪ್ಪಾಯಿತು ಕಾಕಾ ಎಂದೆ, ಇನ್ನೇನೋ ಎಂದೆ. ಅವರು ಹಗುರವಾಗಿ ಹೇಳಿದರು:

"ನನ್ನ ಮುಂದ ಅಳೂದು ಯಾಕ್ರಿ ಟೀಚರ್? ನೀವು ಅಂದಿದ್ದು ಹುಡುಗರ ಮುಂದ. ಈ ಹುಡುಗಿಗೂ ಸಾಲ್ಯಾಗ ಬಂಡಲ್ ಅಂತಾರ."

ಮೊಮ್ಮಗಳು ಕನ್ನಡಿ ಹಿಡಿದುಕೊಂಡೇ ನೆಲ ನೋಡುತ್ತಾ ನಿಂತಿದ್ದಳು. ಎರಡು ತಿಂಗಳಿಗೆ ಖಂಡೇನವಮಿ ಇತ್ತು. ಅಂದೇ ಶಾಲೆಗೆ ಹೋಗಿ ಈಗಿನ ಹೆಡ್‌ಮಿಸ್ಟ್ರೆಸ್ಸನ್ನು ಕಂಡು ಬಂದೆ.

ಹಬ್ಬದ ಹಿಂದಿನ ದಿನ ಎರಡು ಮಡ್‌ಗಾರ್ಡುಗಳು ಟಂಟಂ ಆಟೋದಲ್ಲಿ ಶಾಲೆಗೆ ಬಂದವು. ಮಿಸ್ತ್ರಿ ಕಾಕಾ ಮೊಮ್ಮಗಳ ಭುಜ ಹಿಡಿದು ಬಂದರು. ಇಸ್ತ್ರಿ ಮಾಡಿದ ಬಿಳಿ ಪೈಜಾಮ, ಬಿಳಿ ಟೋಪಿ, ಅದೇ ನಮೂನೆಯ ಬಟ್ಟೆಯ ಚೀಲ. ಅದೇ ಕೋಣೆ, ನೆಲದ ಫರಸಿ ಮಾತ್ರ ಹೊಸದು.

"ನಲವತ್ತು ವರ್ಷದ ಹಿಂದೆ ಈ ಕೋಣೆಯಲ್ಲಿ ನಾನು ಒಂದು ತಪ್ಪು ಪಾಠ ಕಲಿಸಿದ್ದೇನೆ" ಎಂದು ಶುರುಮಾಡಿದೆ. ಏನು ಹೇಳಿದ್ದೆ, ಹೇಗೆ ನಗಿಸಿದ್ದೆ, ಬಂಡಲ್ ಎಂಬ ಹೆಸರು ಯಾರ ಬಾಯಿಂದ ಬಂತು, ಒಂದನ್ನೂ ಬಿಡಲಿಲ್ಲ. ಸಾಕ್ಷ್ಯ ಇಲ್ಲ ಎಂದೆನೇ ಹೊರತು ಪಟ್ಟಿಯನ್ನು ತಿರುಗಿಸಿ ನೋಡಲಿಲ್ಲ ಎಂದೆ. ಬಂಡಲ್ ಹೇಳಿದವಳು ನಾನು ಎಂದೆ. ಒಂದು ಮಗುವೂ ನಗಲಿಲ್ಲ. ಆಮೇಲೆ ಪಟ್ಟಿ, ಕನ್ನಡಿ ಸಾಲಿನುದ್ದಕ್ಕೂ ಕೈಯಿಂದ ಕೈಗೆ ಹೋದವು. ಮಕ್ಕಳು ಕಣ್ಣು ಮುಚ್ಚಿ ಮಡ್‌ಗಾರ್ಡಿನ ಒಳಗೆ ಅಂಗೈ ಆಡಿಸಿದರು. ಒಬ್ಬ ಹುಡುಗಿ ಎಡಗಡೆಯದರ ಹತ್ತಿರ ನಿಂತು ಬಹಳ ಹೊತ್ತು ಕೈ ತೆಗೆಯಲಿಲ್ಲ. ಅವಳು ಬರೆಯುವುದು ಎಡಗೈಯಲ್ಲಂತೆ.

"ಟೀಚರ್, ಇದನ್ನ ಮಾಡ್ದವ್ರು ಕುಂತು ಬಡೀತಿದ್ರೋ ನಿಂತೋ?" ಎಂದು ಅವಳು ಕೇಳಿದಳು.

ಉತ್ತರ ನನಗೆ ಇಂದಿಗೂ ಸಿಕ್ಕಿಲ್ಲ. ಹುಡುಕುತ್ತಲೇ ಇದ್ದೇನೆ. "ಕಾಕಾನ್ನ ಕೇಳು" ಎಂದೆ.

ಕಾಕಾ ಕುರ್ಚಿಯಿಂದ ಇಳಿದು ಫರಸಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಮಡ್‌ಗಾರ್ಡನ್ನು ತೊಡೆಯ ಮೇಲೆ ಎಳೆದುಕೊಂಡು, ಚೀಲದಿಂದ ಸುತ್ತಿಗೆ ತೆಗೆದು, ಕುಂತರೆ ಏಟು ಎಲ್ಲಿ ಬೀಳುತ್ತದೆ, ನಿಂತರೆ ಎಲ್ಲಿ ಎಂದು ತೋರಿಸತೊಡಗಿದರು. ಮಕ್ಕಳು ಬೆಂಚು ಬಿಟ್ಟು ಸುತ್ತ ಮುತ್ತಿಕೊಂಡರು. ಅವರ ಮಧ್ಯೆ ಎಲ್ಲರಿಗಿಂತ ಮುಂದೆ, ಅಜ್ಜನ ಮೊಣಕಾಲಿಗೆ ತಾಗಿಕೊಂಡು ಮೊಮ್ಮಗಳು ಕೂತಿದ್ದಳು. ನಾನು ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕೂತೆ.

ಚಹಾ ಬಂತು. ಅವರು ಕುಡಿದರು. ಖಾಲಿ ಕಪ್ಪನ್ನು ನೆಲದ ಮೇಲಿಟ್ಟು, ನನ್ನ ದನಿ ಎಲ್ಲಿಂದ ಬರಬಹುದೆಂದು ಊಹಿಸಿ ಆ ಕಡೆ ತಿರುಗಿದರು.

"ಟೀಚರ್, ಇನ್ನರ್ಧ ಕಪ್ ಸಿಗತೈತೇನ್ರಿ?" ಎಂದರು. ಆಮೇಲೆ ಮಕ್ಕಳ ಕಡೆಗೆ: "ಬರೋ ವಾರ ಒಬ್ಬೊಬ್ರು ಒಂದೊಂದು ಖಾಲಿ ತಗಡಿನ ಎಣ್ಣಿ ಡಬ್ಬಿ ತರ್ರಿ. ತೊಳದು ತರ್ರಿ ಮತ್ತ."